ಕಬ್ಬಿನ ಹಂಗಾಮು ಮತ್ತು ಟ್ರ್ಯಾಕ್ಟರಿನ ವೇಗ

ಮಳೆಗಾಲ ಮುಗಿದು ಸಕ್ಕರೆ ಕಾರಖಾನೆಗಳ ಚಿಮಣಿಯಲ್ಲಿ ಹೊಗೆ ಏಳತೊಡಗಿತೆಂದರೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ರಸ್ತೆಗಳ ಚೆಹರೆಯೇ ಬದಲಾಗುತ್ತದೆ. ಹಗಲು ರಾತ್ರಿಯೆನ್ನದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಒಂದೊಂದರ ಹಿಂದೆ ಎರಡೆರಡು ಟ್ರೇಲರು. ಅದೇ ರಸ್ತೆಯಲ್ಲಿ ಶಾಲೆಗೆ ಹೋಗುವ ಹುಡುಗರು, ಸಂತೆಗೆ ಹೊರಟ ಹೆಣ್ಣುಮಕ್ಕಳು, ಮೇಯಿಸಿಕೊಂಡು ಮರಳುವ ಎಮ್ಮೆಗಳು, ಕಬ್ಬು ಕಡಿಯುವ ಗ್ಯಾಂಗಿನವರ ಬಂಡಿಗಳು. ಒಳ್ಳೆಯ ಬೆಳೆ ಬಂದ ವರ್ಷ ಈ ನೋಟ ಕಣ್ಣಿಗೆ ಹಬ್ಬ. ಆದರೆ ಈ ರಸ್ತೆಗಳಲ್ಲಿ ಹಂಗಾಮು ಮುಗಿಯುವುದರೊಳಗೆ ಯಾರದಾದರೂ ಮನೆಯ ದೀಪ ಆರದೆ ಉಳಿಯಿತು ಎಂಬ ವರ್ಷ ಅಪರೂಪ.

ಇದಕ್ಕೆ ದೈವವನ್ನು ದೂರುವುದು ಸುಲಭ. ಲೆಕ್ಕ ಹೇಳುವುದು ಬೇರೆ. 2022ನೆಯ ಇಸವಿಯಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನರು ಸತ್ತರು. ಸತ್ತವರಲ್ಲಿ ನೂರಕ್ಕೆ 71 ಮಂದಿ ಮಿತಿಮೀರಿದ ವೇಗದಿಂದಾದ ಅಪಘಾತಗಳಲ್ಲಿ ಸತ್ತವರು. ವೇಗವೆಂದರೆ ಕಾರಿನವರ ಮಾತು, ನಮ್ಮ ಟ್ರ್ಯಾಕ್ಟರು ಎಷ್ಟೆಂದರೂ ಮೂವತ್ತು ಮೂವತ್ತೈದರ ಮೇಲೆ ಹೋಗುವುದಿಲ್ಲ, ನಮಗೇಕೆ ಈ ಚಿಂತೆ ಎಂದು ಹಲವರು ತಿಳಿದಿದ್ದಾರೆ. ಈ ತಿಳುವಳಿಕೆಯೇ ತಪ್ಪು. ಹೇರು ಹೊತ್ತ ಟ್ರ್ಯಾಕ್ಟರಿಗೆ ಮೂವತ್ತೂ ಅತಿವೇಗವೇ. ಅದು ಹೇಗೆಂಬುದನ್ನು ಈ ವಾರ ವಿವರಿಸಬಯಸುತ್ತೇವೆ.

ಬಂಡಿಗೂ ಟ್ರ್ಯಾಕ್ಟರಿಗೂ ಇರುವ ಭೇದ

ನಮ್ಮ ಹಿರಿಯರು ಬಂಡಿ ಹೂಡಿ ಬಾಳಿದವರು. ಎತ್ತಿಗೆ ಕಣ್ಣುಂಟು, ಅಂಜಿಕೆಯುಂಟು. ಬಂಡಿ ಹೊಡೆಯುವವನು ತೂಕಡಿಸಿದರೂ ಎತ್ತು ಹಳ್ಳಕ್ಕೆ ಇಳಿಯುತ್ತಿರಲಿಲ್ಲ. ಎದುರಿಗೆ ಕೂಸು ಬಂದರೆ ತಾನೇ ನಿಲ್ಲುತ್ತಿತ್ತು. ಟ್ರ್ಯಾಕ್ಟರಿಗೆ ಕಣ್ಣೂ ಇಲ್ಲ, ಅಂಜಿಕೆಯೂ ಇಲ್ಲ. ನೋಡುವುದು, ಅಂಜುವುದು, ನಿಲ್ಲಿಸುವುದು ಮೂರನ್ನೂ ಮೇಲೆ ಕೂತವನೇ ಮಾಡಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡು ಕಳೆದಿರುತ್ತದೆ. ಅಷ್ಟು ಹೊತ್ತು ಗಾಡಿ ಮೊದಲಿನ ವೇಗದಲ್ಲೇ ಓಡುತ್ತಿರುತ್ತದೆ. ದಣಿದವನಿಗೆ, ನಿದ್ದೆಗೆಟ್ಟವನಿಗೆ, ಕುಡಿದವನಿಗೆ, ಕೈಯಲ್ಲಿ ಮೊಬೈಲು ಹಿಡಿದವನಿಗೆ ಇನ್ನೂ ಹೆಚ್ಚು.

ನಿಲ್ಲಲು ಎಷ್ಟು ದಾರಿ ಬೇಕು?

ಬ್ರೇಕು ಒತ್ತಿದ ಮೇಲೂ ಗಾಡಿ ಕೂಡಲೆ ನಿಲ್ಲುವುದಿಲ್ಲ. ಇಲ್ಲಿ ಒಂದು ನಿಯಮವನ್ನು ಪ್ರತಿಯೊಬ್ಬ ರೈತನೂ ನೆನಪಿಡಬೇಕು. ವೇಗ ಎರಡು ಪಟ್ಟಾದರೆ, ಬ್ರೇಕು ಹಾಕಿದ ಮೇಲೆ ಗಾಡಿ ಜಾರುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ದೂರ ಒಂಬತ್ತು ಪಟ್ಟು.

ಕಬ್ಬಿನ ಟ್ರೇಲರುಗಳ ಪೈಕಿ ಅನೇಕಕ್ಕೆ ಸ್ವಂತ ಬ್ರೇಕಿರುವುದಿಲ್ಲ. ಎರಡು ಟನ್ನಿನ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳೇ ಹಿಂದೆ ನೂಕುವ ಹತ್ತಾರು ಟನ್ ಹೇರನ್ನು ತಡೆಯಬೇಕು. ಇಂಥ ಗಾಡಿಯ ವೇಗ ಬ್ರೇಕು ಒತ್ತಿದ ಮೇಲೆ ಪ್ರತಿ ಸೆಕೆಂಡಿಗೆ 5.4 ಕಿ.ಮೀ.ನಂತೆ ಇಳಿಯುತ್ತದೆಂದು ಹಿಡಿದು ನಾವು ಲೆಕ್ಕ ಹಾಕಿದ್ದೇವೆ. ಮೇಲೆ ಹೇಳಿದ ಒಂದೂವರೆ ಸೆಕೆಂಡಿನ ದೂರವನ್ನೂ ಸೇರಿಸಿದ್ದೇವೆ. ಒಂದು ಮಾರಿಗೆ ಆರು ಅಡಿ.

ಗಂಟೆಗೆ 20 ಕಿ.ಮೀ. ವೇಗ: ನಿಲ್ಲಲು 19 ಮೀಟರು, ಅಂದರೆ ಸುಮಾರು 10 ಮಾರು.
ಗಂಟೆಗೆ 30 ಕಿ.ಮೀ. ವೇಗ: ನಿಲ್ಲಲು 36 ಮೀಟರು, ಅಂದರೆ ಸುಮಾರು 20 ಮಾರು.
ಗಂಟೆಗೆ 40 ಕಿ.ಮೀ. ವೇಗ: ನಿಲ್ಲಲು 58 ಮೀಟರು, ಅಂದರೆ ಸುಮಾರು 32 ಮಾರು.

ಇದು ಒಣಗಿದ, ಸಪಾಟಾದ ರಸ್ತೆಯ ಲೆಕ್ಕ. ಕಬ್ಬಿನ ರವದಿ ಬಿದ್ದ ರಸ್ತೆ, ಕೆಸರು, ಇಳಿಜಾರು ಇದ್ದರೆ ದೂರ ಇನ್ನೂ ಬೆಳೆಯುತ್ತದೆ. ಇಪ್ಪತ್ತರಲ್ಲಿ ಹೋಗುವವನು ಹನ್ನೆರಡು ಮಾರು ಮುಂದೆ ಓಡಿ ಬಂದ ಹುಡುಗನನ್ನು ಉಳಿಸಿಯಾನು. ಮೂವತ್ತರಲ್ಲಿ ಹೋಗುವವನಿಗೆ ಅದು ಕೈಮೀರಿದ ಮಾತು. ವೇಗದ ಅಂತರ ಬರೀ ಹತ್ತು ಕಿಲೋಮೀಟರು. ಫಲದ ಅಂತರ ಒಂದು ಜೀವ.

ಪೆಟ್ಟಿನ ಬಲವೂ ಇದೇ ನಿಯಮದಂತೆ ಬೆಳೆಯುತ್ತದೆ. ಇದನ್ನು ಎತ್ತರದಿಂದ ಬೀಳುವುದಕ್ಕೆ ಹೋಲಿಸಿದರೆ ಎಲ್ಲರಿಗೂ ತಿಳಿಯುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿಯುವುದು ಐದು ಅಡಿಯ ಕಟ್ಟೆಯಿಂದ ಬಿದ್ದಂತೆ. 40ರಲ್ಲಿ ಬಡಿದರೆ ಇಪ್ಪತ್ತು ಅಡಿಯ ಮರದಿಂದ ಬಿದ್ದಂತೆ. ಮೋಟಾರು ಸೈಕಲ್ಲಿನ ಮೇಲೆ 60ರಲ್ಲಿ ಬಡಿದರೆ ನಲವತ್ತಾರು ಅಡಿಯ ಬತ್ತಿದ ಬಾವಿಗೆ ಬಿದ್ದಂತೆ. 80ರಲ್ಲಾದರೆ ಆ ಬಾವಿಯ ಆಳ ಎಂಬತ್ತೆರಡು ಅಡಿ. ಬಾವಿಯ ದಂಡೆಯಲ್ಲಿ ಮಗನನ್ನು ಕೈಹಿಡಿದು ಹಿಂದಕ್ಕೆ ಎಳೆಯುವ ತಂದೆತಾಯಿಗಳು, ಅದೇ ಮಗ ಸೈಕಲ್ ಮೋಟಾರು ಓಡಿಸುವ ವೇಗವನ್ನು ಮಾತ್ರ ಕೇಳುವುದಿಲ್ಲ.

ಅವಸರದಿಂದ ಉಳಿಯುವುದೆಷ್ಟು?

ಖೇಪು ಹೆಚ್ಚಾದರೆ ಕೂಲಿ ಹೆಚ್ಚು, ಆದುದರಿಂದ ಓಡಿಸಲೇಬೇಕು ಎಂಬುದು ಡ್ರೈವರುಗಳ ಮಾತು. ಈ ಮಾತನ್ನು ತಳ್ಳಿಹಾಕಲಾಗದು. ಹೊಟ್ಟೆಯ ಪ್ರಶ್ನೆ ಇದರಲ್ಲಿದೆ. ಆದರೆ ಲೆಕ್ಕ ಹಾಕಿ ನೋಡೋಣ. ಹೊಲದಿಂದ ಕಾರಖಾನೆ 20 ಕಿ.ಮೀ. ದೂರವಿದ್ದರೆ, 20ರ ವೇಗದಲ್ಲಿ ಒಂದು ಗಂಟೆ, 30ರ ವೇಗದಲ್ಲಿ ನಲವತ್ತು ನಿಮಿಷ. ಉಳಿದದ್ದು ಇಪ್ಪತ್ತು ನಿಮಿಷ. ಕಾರಖಾನೆಯ ಅಂಗಳ ಮುಟ್ಟಿದ ಮೇಲೆ ತೂಕದ ಸರದಿಗಾಗಿ ಕಾಯುವುದು ಎಷ್ಟು ತಾಸು? ಹಂಗಾಮು ಭರದಿಂದ ಸಾಗಿರುವಾಗ ಅರ್ಧ ದಿನ ಕಾದವರೂ ಇದ್ದಾರೆ. ರಸ್ತೆಯಲ್ಲಿ ಜೀವ ಪಣಕ್ಕಿಟ್ಟು ಗಳಿಸಿದ ಇಪ್ಪತ್ತು ನಿಮಿಷವನ್ನು ಅಂಗಳದಲ್ಲಿ ಬೀಡಿ ಸೇದುತ್ತ ಕಳೆಯುವುದಾದರೆ ಗಳಿಕೆ ಏನು?

ಮೋಟಾರು ಸೈಕಲ್ಲಿನ ಲೆಕ್ಕವೂ ಹೀಗೆಯೇ. ಸಂತೆ 12 ಕಿ.ಮೀ. ದೂರವಿದ್ದರೆ 40ರ ವೇಗದಲ್ಲಿ ಹದಿನೆಂಟು ನಿಮಿಷ, 60ರ ವೇಗದಲ್ಲಿ ಹನ್ನೆರಡು ನಿಮಿಷ. ಆರು ನಿಮಿಷದ ಉಳಿತಾಯಕ್ಕೆ ಇಪ್ಪತ್ತು ಅಡಿಯ ಮರದ ಬದಲು ನಲವತ್ತಾರು ಅಡಿಯ ಬಾವಿ.

ಖೇಪು ಹೆಚ್ಚಿಸಬೇಕಾದರೆ ದಾರಿ ಬೇರೆ ಇದೆ. ಕಡಿತ ಮತ್ತು ಸಾಗಣೆಯ ಸರದಿಯನ್ನು ಕಾರಖಾನೆಯವರೊಡನೆ ಮೊದಲೇ ಹೊಂದಿಸಿಕೊಂಡು ಅಂಗಳದಲ್ಲಿ ಕಾಯುವ ಹೊತ್ತನ್ನು ಇಳಿಸಬೇಕು. ಇದನ್ನು ಒಬ್ಬ ಡ್ರೈವರನು ಮಾಡಲಾರ. ಊರ ರೈತರು ಒಟ್ಟಾಗಿ ಕೇಳಬೇಕು.

ವೇಗವನ್ನು ಅಳೆಯುವ ಬಗೆ

ನಿಧಾನವಾಗಿ ಓಡಿಸೆಂದರೆ ಎಷ್ಟು ನಿಧಾನ? ಹಳೆಯ ಟ್ರ್ಯಾಕ್ಟರುಗಳಲ್ಲಿ ವೇಗ ತೋರುವ ಮುಳ್ಳು ಇರುವುದಿಲ್ಲ, ಇದ್ದರೂ ಕೆಟ್ಟಿರುತ್ತದೆ. ಅದಕ್ಕೆ ಒಂದು ಸುಲಭ ಉಪಾಯವಿದೆ. ಹೆದ್ದಾರಿಯ ಬದಿಯಲ್ಲಿ ಪ್ರತಿ 200 ಮೀಟರಿಗೊಂದು ಸಣ್ಣ ಕಲ್ಲು, ಕಿಲೋಮೀಟರಿಗೊಂದು ದೊಡ್ಡ ಕಲ್ಲು ನೆಟ್ಟಿರುತ್ತಾರೆ. ಜೊತೆಗಿದ್ದವನು ಗಡಿಯಾರ ನೋಡಿ ಹೇಳಲಿ. ಎರಡು ಸಣ್ಣ ಕಲ್ಲುಗಳ ನಡುವೆ 36 ಸೆಕೆಂಡು ಹಿಡಿದರೆ ವೇಗ 20. 24 ಸೆಕೆಂಡಾದರೆ 30. 18 ಸೆಕೆಂಡಾದರೆ 40. ದೊಡ್ಡ ಕಲ್ಲುಗಳ ನಡುವಿನ ಲೆಕ್ಕ ಕ್ರಮವಾಗಿ ಮೂರು ನಿಮಿಷ, ಎರಡು ನಿಮಿಷ, ಒಂದೂವರೆ ನಿಮಿಷ. ಯಾವ ಗೇರಿನಲ್ಲಿ, ಇಂಜಿನಿನ ಯಾವ ಸದ್ದಿಗೆ 20 ಬರುತ್ತದೆಂದು ಒಂದೆರಡು ಸಲ ಗುರುತು ಮಾಡಿಕೊಂಡರೆ ಮುಂದೆ ಗಡಿಯಾರವೂ ಬೇಡ, ಕಿವಿಯೇ ಸಾಕು.

ನಮ್ಮ ಸಲಹೆ ಇಷ್ಟು. ಹೇರು ತುಂಬಿದ ಟ್ರ್ಯಾಕ್ಟರನ್ನು ನೆಟ್ಟಗಿನ ರಸ್ತೆಯಲ್ಲಿ 20ರ ಮೇಲೆ ಓಡಿಸಬಾರದು. ಊರೊಳಗೆ, ಶಾಲೆಯ ಮುಂದೆ, ತಿರುವಿನಲ್ಲಿ, ಸೇತುವೆಯ ಮೇಲೆ 10ಕ್ಕೆ ಇಳಿಸಬೇಕು.

ಇಳಿಜಾರು, ತಿರುವು, ಬ್ರೇಕು

ಟ್ರ್ಯಾಕ್ಟರಿಗೆ ಬ್ರೇಕಿನ ಪೆಡಲು ಎರಡು. ಎಡದ ಗಾಲಿಗೊಂದು, ಬಲದ ಗಾಲಿಗೊಂದು. ಹೊಲದಲ್ಲಿ ಸಾಲಿನ ಕೊನೆಗೆ ಚಿಕ್ಕ ಜಾಗದಲ್ಲಿ ತಿರುಗಿಸಲು ಈ ಏರ್ಪಾಡು. ರಸ್ತೆಗೆ ಬರುವ ಮುಂಚೆ ಎರಡೂ ಪೆಡಲುಗಳನ್ನು ಕೂಡಿಸುವ ಕೊಂಡಿಯನ್ನು ತಪ್ಪದೆ ಹಾಕಬೇಕು. ಮರೆತರೆ, ವೇಗದಲ್ಲಿರುವಾಗ ಒಂದೇ ಗಾಲಿ ಹಿಡಿದು ಗಾಡಿ ಗಿರಕ್ಕನೆ ಒಂದು ಬದಿಗೆ ತಿರುಗಿ ಮಗುಚುತ್ತದೆ. ಎರಡೂ ಬ್ರೇಕು ಸಮನಾಗಿ ಹಿಡಿಯುತ್ತವೆಯೋ ಎಂಬುದನ್ನು ಹಂಗಾಮಿನ ಮುಂಚೆ ಮಿಸ್ತ್ರಿಯಿಂದ ನೋಡಿಸಬೇಕು.

ಇಳಿಜಾರಿನಲ್ಲಿ ಡೀಸೆಲು ಉಳಿಸಲೆಂದು ಗೇರು ತೆಗೆದು ಬಿಡುವ ಚಾಳಿ ಕೆಲವರಿಗಿದೆ. ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಗೇರಿನಲ್ಲಿದ್ದಾಗ ಇಂಜಿನು ತಾನೇ ಗಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಗೇರು ತೆಗೆದರೆ ಆ ಹಿಡಿತ ಹೋಗಿ, ಹಿಂದಿನ ಹೇರು ನೂಕುತ್ತ, ಮೂವತ್ತರ ಟ್ರ್ಯಾಕ್ಟರು ಐವತ್ತಕ್ಕೂ ಮುಟ್ಟೀತು. ಆಗ ಬ್ರೇಕು ಒತ್ತಿದರೆ ಟ್ರೇಲರು ಅಡ್ಡ ತಿರುಗಿ ಟ್ರ್ಯಾಕ್ಟರನ್ನೇ ಮಡಚಿ ಹಾಕುತ್ತದೆ. ಯಾವ ಗೇರಿನಲ್ಲಿ ಆ ಏರನ್ನು ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು, ನಡುವೆ ಅಲ್ಲ.

ತಿರುವಿನಲ್ಲಿ ಗಾಡಿಯನ್ನು ಹೊರಗೆ ತಳ್ಳುವ ಬಲವೂ ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟಾಗುತ್ತದೆ. ಎತ್ತರಕ್ಕೆ ಹೇರಿದ ಕಬ್ಬು ಇದಕ್ಕೆ ಒತ್ತಾಸೆ. ಎರಡು ಟ್ರೇಲರು ಕಟ್ಟಿದ್ದರೆ ಮುಂದಿನದರ ಸಣ್ಣ ಓಲಾಟ ಹಿಂದಿನದರಲ್ಲಿ ದೊಡ್ಡದಾಗುತ್ತದೆ. ಹಿಂದಿನ ಟ್ರೇಲರು ಓಲಾಡುವುದು ಕಂಡರೆ ಬ್ರೇಕು ತುಳಿಯದೆ ಮೆಲ್ಲಗೆ ವೇಗ ಇಳಿಸಬೇಕು. ಕಬ್ಬಿನ ಮೇಲೆ, ಮಡ್‌ಗಾರ್ಡಿನ ಮೇಲೆ, ಕೊಂಡಿಯ ಮೇಲೆ ಜನರನ್ನು ಕೂರಿಸುವುದು ಎಂಥ ವೇಗದಲ್ಲೂ ಸಲ್ಲದು.

ಕಾನೂನು ಹೇಳುವುದೇನು?

1988ರ ಮೋಟಾರು ವಾಹನ ಕಾನೂನಿನ 112ನೆಯ ಕಲಮು ವೇಗದ ಮಿತಿಯನ್ನು ವಿಧಿಸುತ್ತದೆ. ರಸ್ತೆ ಬದಿಯ ಫಲಕದಲ್ಲಿ ಕೆಂಪು ವೃತ್ತದೊಳಗೆ ಬರೆದ ಅಂಕಿಯೇ ಆ ಜಾಗದ ಮಿತಿ. ನಮ್ಮ ಕಡೆ ಮಾತಿನ ಫಲಕಗಳು ಮರಾಠಿಯಲ್ಲಿರುತ್ತವೆ. ಕನ್ನಡ ಶಾಲೆ ಕಲಿತ ಹುಡುಗರಿಗೆ, ಗಡಿಯಾಚೆಯಿಂದ ಬಂದ ಡ್ರೈವರುಗಳಿಗೆ ಅವು ತಿಳಿಯದೆ ಹೋಗಬಹುದು. ‘ವಾಹನೇ ಸಾವಕಾಶ ಚಾಲವಾ’ ಎಂದರೆ ಗಾಡಿ ನಿಧಾನವಾಗಿ ಓಡಿಸಿರಿ. ‘ಪುಢೇ ಶಾಳಾ ಆಹೇ’ ಎಂದರೆ ಮುಂದೆ ಶಾಲೆ ಇದೆ. ‘ಧೋಕ್ಯಾಚೇ ವಳಣ’ ಎಂದರೆ ಅಪಾಯದ ತಿರುವು. ‘ತೀವ್ರ ಉತಾರ’ ಎಂದರೆ ಕಡಿದಾದ ಇಳಿಜಾರು. ಕೆಂಪು ವೃತ್ತದ ಅಂಕಿ ಮಾತ್ರ ಕೇರಳದ ಕಾಸರಗೋಡಾಗಲಿ, ತಮಿಳುನಾಡಿನ ತಾಳವಾಡಿಯಾಗಲಿ, ಆಂಧ್ರದ ಆದವಾನಿಯಾಗಲಿ, ಎಲ್ಲ ಕಡೆಯೂ ಒಂದೇ ಅರ್ಥದ್ದು.

2019ರಲ್ಲಿ ಈ ಕಾನೂನಿಗೆ ತಿದ್ದುಪಡಿ ಬಂದು ದಂಡ ಏರಿತು. 183ನೆಯ ಕಲಮಿನ ಪ್ರಕಾರ ವೇಗದ ಮಿತಿ ಮೀರಿದರೆ ಹಗುರ ವಾಹನಕ್ಕೆ 1000ದಿಂದ 2000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಗಳಿಗೆ 2000ದಿಂದ 4000 ರೂಪಾಯಿ ದಂಡ. ಎರಡನೆಯ ಸಲ ಸಿಕ್ಕರೆ ಲೈಸೆನ್ಸು ಜಪ್ತು. ಮಾಲಕರು ಒಂದು ಮಾತು ಗಮನಿಸಬೇಕು. ಈ ಕಲಮು ಓಡಿಸಿದವನಿಗಷ್ಟೇ ಅಲ್ಲ, ತನ್ನ ಕೈಕೆಳಗಿನ ಆಳಿನಿಂದ ಹಾಗೆ ಓಡಿಸಿದವನಿಗೂ ಅನ್ವಯಿಸುತ್ತದೆ. ಬೇಗ ಬಾ, ಇನ್ನೊಂದು ಖೇಪು ಹೊಡೆ ಎಂದು ಅವಸರಪಡಿಸುವ ಧಣಿ ತಪ್ಪಿನಲ್ಲಿ ಪಾಲುಗಾರನೇ.

ಫಲಕದ ಅಂಕಿಯೊಳಗೇ ಇದ್ದೆ ಎಂದು ಹೇಳಿ ಪಾರಾಗಲೂ ಆಗದು. ರಸ್ತೆಯ ಸ್ಥಿತಿ, ಜನಸಂದಣಿ ನೋಡದೆ ಅಪಾಯವಾಗುವಂತೆ ಓಡಿಸಿದರೆ 184ನೆಯ ಕಲಮಿನಂತೆ ಮೊದಲ ತಪ್ಪಿಗೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆ, ಇಲ್ಲವೆ 1000ದಿಂದ 5000 ರೂಪಾಯಿ ದಂಡ, ಇಲ್ಲವೆ ಎರಡೂ. ಇನ್ನು ಹದಿನೆಂಟು ತುಂಬದ ಹುಡುಗರ ಕೈಗೆ ಗಾಡಿ ಕೊಟ್ಟು ತಪ್ಪು ನಡೆದರೆ, ಪಾಲಕರಿಗೆ ಇಲ್ಲವೆ ಗಾಡಿಯ ಮಾಲಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು.

ದಂಡದ ಜೊತೆಗೆ ಪಾಠ

ತಿದ್ದುಪಡಿಯಲ್ಲಿ ನಮಗೆ ಮೆಚ್ಚುಗೆಯಾದ ಒಂದು ಅಂಶವಿದೆ. ಅಮಾನತಾಗಿ ಸರಕಾರಕ್ಕೆ ಒಪ್ಪಿಸಿದ ಲೈಸೆನ್ಸು ಹಿಂದಕ್ಕೆ ಬರಬೇಕಾದರೆ ಡ್ರೈವರನು ಪುನಃ ತರಬೇತಿ ಮುಗಿಸಬೇಕೆಂದು 19ನೆಯ ಕಲಮಿನಲ್ಲಿ ಸೇರಿಸಿದ್ದಾರೆ. ಹಣ ತೆತ್ತು ಕೈತೊಳೆದುಕೊಳ್ಳುವಂತಿಲ್ಲ, ತಪ್ಪಿದ್ದನ್ನು ಕಲಿಯಬೇಕು ಎಂಬುದು ಇದರ ಭಾವ.

ಇಂಥ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ನೋಡಿದ ನಾಡು ಇಂಗ್ಲೆಂಡು. ಅಲ್ಲಿ ಲೈಸೆನ್ಸು ಹೋಗುವ ತನಕ ಕಾಯುವುದಿಲ್ಲ. ಮಿತಿಯನ್ನು ಸ್ವಲ್ಪ ಮೀರಿದವನಿಗೇ ಪಾಠದ ಅವಕಾಶ. ಊರೊಳಗಿನ ಮಿತಿ ಗಂಟೆಗೆ 30 ಮೈಲಿ, ಅಂದರೆ 48 ಕಿ.ಮೀ. ಇದ್ದಲ್ಲಿ 35ರಿಂದ 42 ಮೈಲಿಯಲ್ಲಿ ಸಿಕ್ಕವನಿಗೆ ಪೊಲೀಸರು ಎರಡು ದಾರಿ ತೋರಿಸಬಹುದು. ಒಂದು, 100 ಪೌಂಡು ದಂಡ ಕಟ್ಟಿ ಲೈಸೆನ್ಸಿನ ಮೇಲೆ ಮೂರು ಗುರುತು ಬೀಳಿಸಿಕೊಳ್ಳುವುದು. ಮೂರು ವರ್ಷದಲ್ಲಿ ಇಂಥ ಹನ್ನೆರಡು ಗುರುತು ಸೇರಿದರೆ ಗಾಡಿ ಓಡಿಸುವ ಹಕ್ಕಿಗೇ ಕುತ್ತು. ಎರಡು, ಸ್ವಂತ ಖರ್ಚಿನಲ್ಲಿ ಕೆಲವು ತಾಸಿನ ವೇಗದ ಪಾಠಕ್ಕೆ ಕೂರುವುದು. ಹಿಂದಿನ ಮೂರು ವರ್ಷಗಳಲ್ಲಿ ಒಮ್ಮೆ ಕೂತವನಿಗೆ ಈ ಎರಡನೆಯ ದಾರಿ ಇಲ್ಲ.

ಆ ಪಾಠದಲ್ಲಿ ಪರೀಕ್ಷೆ ಇಲ್ಲ, ಬೈಗುಳವಿಲ್ಲ. ಏಕೆ ಅವಸರಪಟ್ಟೆ, ಗಾಡಿ ನಿಲ್ಲಲು ಎಷ್ಟು ದೂರ ಬೇಕು, ಮಿತಿಯನ್ನು ಗುರುತಿಸುವುದು ಹೇಗೆ ಎಂದು ಮಾತಾಡಿಸುತ್ತಾರೆ. ಸುಮ್ಮನೆ ಕೂತು ಎದ್ದುಹೋಗುವಂತಿಲ್ಲ, ಪಾಲುಗೊಳ್ಳಬೇಕು. ಇದರ ಫಲವನ್ನು ಅಲ್ಲಿನ ಸರಕಾರ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿತು. ಪಾಠವನ್ನು ಒಪ್ಪದೆ ಹೋದವರಿಗಿಂತ ಪಾಠಕ್ಕೆ ಕೂತವರು ಮುಂದಿನ ಆರು ತಿಂಗಳಲ್ಲಿ ಮತ್ತೆ ವೇಗದ ತಪ್ಪು ಮಾಡಿದ್ದು ನೂರಕ್ಕೆ 12ರಿಂದ 23ರಷ್ಟು ಕಡಿಮೆ. ಅಪಘಾತಗಳು ಇಳಿದವೆಂದು ಖಚಿತವಾಗಿ ಹೇಳುವಷ್ಟು ಅಂತರ ಮಾತ್ರ ಆ ಪರೀಕ್ಷೆಯಲ್ಲಿ ಕಂಡುಬರಲಿಲ್ಲ. ಒಂದೇ ಪಾಠದಿಂದ ಎಲ್ಲವೂ ಸರಿಹೋಗದು. ಆದರೂ ದಂಡದ ರಸೀತಿ ಕಲಿಸದ್ದನ್ನು ಮಾತು ಕಲಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆ ನಾಡಿನಲ್ಲಿ ಒಕ್ಕಲುತನದ ಟ್ರ್ಯಾಕ್ಟರಿಗೂ ಬೇರೆ ಮಿತಿಯಿದೆ. 2015ರಲ್ಲಿ ಅದನ್ನು ಗಂಟೆಗೆ 20 ಮೈಲಿಯಿಂದ 25 ಮೈಲಿಗೆ, ಅಂದರೆ 40 ಕಿ.ಮೀ.ಗೆ ಏರಿಸಿದರು.

ನಮ್ಮ ಊರಲ್ಲೂ ಒಂದು ಪಾಠ

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂದು ನಮ್ಮಲ್ಲಿ ಗಾದೆಯುಂಟು. ತಪ್ಪು ಮಾಡಿ ಸಿಕ್ಕಮೇಲೆ ಕಲಿಯುವುದಕ್ಕಿಂತ ಮುಂಚೆಯೇ ಕಲಿಯುವುದು ಲೇಸು. ಇದಕ್ಕೆ ಸರಕಾರದ ಅಪ್ಪಣೆ ಬೇಡ, ಹಣವೂ ಬೇಡ. ಹಂಗಾಮು ಶುರುವಾಗುವ ಮುಂಚಿನ ಒಂದು ಅಮಾವಾಸ್ಯೆಯ ದಿನ, ಗಳೇ ನಿಲ್ಲಿಸಿದಾಗ, ಊರಿನ ಟ್ರ್ಯಾಕ್ಟರು ಮಾಲಕರು, ಡ್ರೈವರುಗಳು, ಗ್ಯಾಂಗಿನ ಮುಕಾದಮರು ಶಾಲೆಯ ಬಯಲಿನಲ್ಲಿ ಕೂಡಲಿ. ಒಂದು ಗೆರೆಯಿಂದ ಅಳೆದು 10 ಮಾರಿಗೆ, 20 ಮಾರಿಗೆ, 32 ಮಾರಿಗೆ ಸುಣ್ಣದ ಗುರುತು ಹಾಕಲಿ. ಮೊದಲ ಗೆರೆಯಲ್ಲಿ ನಿಂತು ಪ್ರತಿಯೊಬ್ಬನೂ ಆ ಮೂರು ಗುರುತುಗಳನ್ನು ನೋಡಲಿ. ಮೂವತ್ತರಲ್ಲಿ ಬರುವಾಗ ಎರಡನೆಯ ಗುರುತಿನ ತನಕ ಯಾರಿದ್ದರೂ ತಾನು ಉಳಿಸಲಾರೆ ಎಂಬುದು ಕಣ್ಣಿಗೆ ಕಂಡರೆ, ಅದನ್ನು ಮರೆಯುವುದು ಕಷ್ಟ. ಶಾಲೆಯ ಮಕ್ಕಳನ್ನೂ ಕರೆದು ತೋರಿಸಿದರೆ ರಸ್ತೆ ದಾಟುವ ಬುದ್ಧಿ ಅವರಿಗೂ ಬಂದೀತು.

ಅದೇ ದಿನ ಬ್ರೇಕು, ಪೆಡಲಿನ ಕೊಂಡಿ, ಟ್ರೇಲರಿನ ಪಿನ್ನು ಮತ್ತು ಸರಪಳಿ ಪರೀಕ್ಷೆಯಾಗಲಿ. ಟ್ರೇಲರಿನ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಲಿ. ನಾವು ನಿಧಾನವಾಗಿ ಹೋಗುವಾಗ ಹಿಂದಿನಿಂದ ಬರುವವನಿಗೆ ನಾವು ಕಾಣಿಸಲೇಬೇಕು. ಮಾಲಕರು ಎಲ್ಲರೆದುರು ಒಂದು ಮಾತು ಕೊಡಲಿ: ತಡವಾಗಿ ಬಂದ ಡ್ರೈವರನಿಗೆ ಬೈಯುವುದಿಲ್ಲ, ಖೇಪು ಕಡಿಮೆಯಾಯಿತೆಂದು ಕೂಲಿ ಮುರಿಯುವುದಿಲ್ಲ. ಈ ಮಾತು ಸಿಕ್ಕರೆ ಅರ್ಧ ಅವಸರ ತಾನೇ ಇಳಿಯುತ್ತದೆ.

ಕಬ್ಬು ಒಂದು ತಾಸು ತಡವಾಗಿ ಕಾರಖಾನೆ ಸೇರಿದರೂ ಸೇರುತ್ತದೆ. ರಸ್ತೆಯ ಮೇಲೆ ಹೋದ ಜೀವ ಯಾವ ಹಂಗಾಮಿಗೂ ಮರಳುವುದಿಲ್ಲ. ಈ ಬಾರಿ ನಮ್ಮ ಸೀಮೆಯ ಒಂದೇ ಒಂದು ಊರಿನವರು ಇಂಥ ಪಾಠ ನಡೆಸಿ ನಮಗೆ ತಿಳಿಸಿದರೂ, ಅದರ ವಿವರವನ್ನು ಈ ಪುಟದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.